ದಕ್ಕೆಯಲ್ಲಿ ವರ್ಗಮೂಲ

ಬೆಳಗ್ಗೆ ನಾಲ್ಕೂವರೆಗೆ ಬಂದರಿನ ದಕ್ಕೆಯಲ್ಲಿ ನನ್ನ ಕೆಲಸ
ಮೀನು ಹಿಡಿಯುವುದಲ್ಲ, ಮಾರುವುದಲ್ಲ,
ಎಣಿಸುವುದು.
ಹಲಗೆಗೆ ಸಿಕ್ಕಿಸಿದ ಹಾಳೆಯಲ್ಲಿ
ದೋಣಿಯ ಹೆಸರು, ಬಂದ ಹೊತ್ತು, ಬುಟ್ಟಿ ಎಷ್ಟು.
ಐಸು ಕರಗಿದ ನೀರು ಬಿದ್ದು ಅಂಕಿಗಳ ಕಾಲು ಕಲಸುತ್ತದೆ,
ಅದಕ್ಕೇ ಪೆನ್ಸಿಲ್ಲು.

ಬೆಂಗ್ರೆಯ ಸುಗಂಧಿಯಕ್ಕನ ದೋಣಿಗೆ ಆ ವಾರ
ಆದಿತ್ಯವಾರ ನಾಲ್ಕು, ಮರುದಿನ ಒಂಬತ್ತು,
ಮತ್ತೆ ನಾಲ್ಕು,
ಬುಧವಾರ ಸೊನ್ನೆ.
ಗುರುವಾರ ಒಂದು, ಶುಕ್ರವಾರ ಹದಿನಾರು.
ಶನಿವಾರ ಅಳಿವೆ ಬಾಗಿಲಲ್ಲಿ
ಅಂಚಿನವರೆಗೂ ನೀರು ಬಂದ ದೋಣಿ
ಬಸುರಿಯ ಹಾಗೆ ನಿಧಾನಕ್ಕೆ ಬಂತು:
ಬೂತಾಯಿ, ನಾನೂರು ಬುಟ್ಟಿ.

ಕೂಡಿಸಿ ಏಳರಿಂದ ಭಾಗಿಸಿದರೆ ಅರುವತ್ತೆರಡು.
ಲೆಕ್ಕ ಸರಿ.
ಆದರೆ ಅರುವತ್ತೆರಡು ಬುಟ್ಟಿಯ ದಿನವೊಂದನ್ನು
ಆ ದೋಣಿ ಕಂಡೇ ಇಲ್ಲ.
ಚಿತ್ರ ಬಿಡಿಸಿದರೆ ಎಡಕ್ಕೆ ಒತ್ತೊತ್ತಾಗಿ
ಹೊಯಿಗೆ ಬಜಾರಿನ ಮನೆಗಳು,
ಬಲಕ್ಕೆ ಖಾಲಿ, ಖಾಲಿ, ಮತ್ತೂ ಖಾಲಿ,
ಕೊನೆಗೆ ಒಂಟಿ ದೀಪದ ಕಂಬ.

ಎಕ್ಕೂರಿನಿಂದ ಬಂದ ರೆಜಿನಾ ಮೇಡಂ
ಸೀರೆ ಎತ್ತಿ ಹಿಡಿದು, ಹಾಳೆ ನೋಡಿ,
"ಇದು ತೊರಕೆಯ ಜಾತಿ, ಮೈಗಿಂತ ಬಾಲ ಉದ್ದ" ಅಂದರು.
ಘಾತಕ್ಕೆ ಏರಿಸಬೇಕಂತೆ,
ಏರಿಸುವುದೆಂದರೆ ಇಲ್ಲಿ ಇಳಿಸುವುದು.
ಲ್ಯಾಮ್ಡಾ ಬರೆದು ತೋರಿಸಿದರು:
ಕೆಸರಲ್ಲಿ ಕೊಕ್ಕರೆ ಒಂದು ಹೆಜ್ಜೆ ಮುಂದಿಟ್ಟ ಹಾಗಿತ್ತು.
ಅದು ಒಂದಾದರೆ ಕಡಲು ಇದ್ದ ಹಾಗೇ.
ಅರ್ಧವಾದರೆ ನಾನೂರು ಮೈ ಮುದುಡಿ ಇಪ್ಪತ್ತಾಗುತ್ತದೆ,
ನಾಲ್ಕು ಎರಡಾಗಿ ಅದರ ಹತ್ತಿರ ಕೂರುತ್ತದೆ.
ಸೊನ್ನೆಗಿಳಿದರೆ ಲಾಗರಿದಮ್ಮು.
ಸರಿಯಾದ ಘಾತ ಸಿಕ್ಕಿದರೆ ಗುಡ್ಡೆ ನಡುವಿಗೆ ಸರಿದು
ಇಗರ್ಜಿಯ ಗಂಟೆಯ ಆಕಾರಕ್ಕೆ ಬರುತ್ತದೆ,
ಬಂದರೂ ಬರಬಹುದು.

"ಬುಧವಾರವನ್ನು ಏನು ಮಾಡುವುದು ಮೇಡಂ?"
ಸೊನ್ನೆಗೆ ಲಾಗರಿದಮ್ಮಿಲ್ಲ,
ತೆಗೆಯಹೋದರೆ ತಳವಿಲ್ಲದ ಬಾವಿ.
"ಎಲ್ಲಕ್ಕೂ ಒಂದೊಂದು ಕೂಡಿಸಿ."
"ಬರಿಗೈಯಲ್ಲಿ ಬಂದದ್ದಕ್ಕೂ?"
"ಅದಕ್ಕಾಗಿಯೇ."

ಕೂಡಿಸಿದೆ, ಇಳಿಸಿದೆ, ಸರಾಸರಿ ಹಿಡಿದೆ,
ಬಂದ ದಾರಿಯಲ್ಲೇ ಹಿಂದೆ ಬಂದು, ಕೊಟ್ಟ ಒಂದನ್ನು ಕಿತ್ತುಕೊಂಡೆ.
ಏಳೂವರೆ ಬುಟ್ಟಿ.

ಕೇಳಿ ಸುಗಂಧಿಯಕ್ಕ ಎಲೆಯಡಿಕೆಯ ಬಾಯಿ ಒರೆಸಿಕೊಂಡಳು.
"ಅರುವತ್ತೆರಡು ಹೋಗಿ ಏಳೂವರೆಯಾ?
ಉಳಿದದ್ದನ್ನು ಯಾವ ಬೆಕ್ಕು ತಿಂದಿತು ಮಾರಾಯ್ತಿ?"
ನಾನು ಉತ್ತರ ಹುಡುಕುವಷ್ಟರಲ್ಲಿ ಅವಳೇ:
"ಆದಿತ್ಯವಾರ ನಾಲ್ಕು ಬುಟ್ಟಿಗೆ ಹತ್ತು ಸಾವಿರ ಎಣಿಸಿದ್ದೆ.
ಶನಿವಾರ ನಾನೂರಕ್ಕೆ ಒಂದೇ ಲಕ್ಷ.
ರಾಶಿ ಕಂಡದ್ದೇ ದರ ಬಿತ್ತು,
ಮೀನಿನ ಹುಡಿಯ ಮಿಲ್ಲಿನ ಲಾರಿ ಹೇಳಿದ್ದೇ ರೇಟು."

ನೂರು ಪಟ್ಟು ಮೀನು,
ಹತ್ತು ಪಟ್ಟು ಹಣ.
ನನ್ನ ಪೆನ್ಸಿಲ್ಲು ನಿಂತಿತು.
ಮೇಡಂ ಬರುವ ಮೊದಲೇ ಯಾರೋ ಇಲ್ಲಿ
ವರ್ಗಮೂಲ ತೆಗೆದು ಲಾರಿ ಹತ್ತಿಸಿ ಹೋಗಿದ್ದರು,
ಲ್ಯಾಮ್ಡಾ ಅರ್ಧ,
ಗ್ರೀಕು ಗೊತ್ತಿಲ್ಲದ ಕೈ.

"ಬುಧವಾರ?" ಕೇಳಿದೆ.
"ಬುಧವಾರ ಏನು? ಇದಿನಬ್ಬನ ಬೋಟಿನವರು
ಕಜಿಪಿಗೆ ಅಂತ ನಾಲ್ಕು ಬಂಗುಡೆ ಎಸೆದರು.
ಖಾಲಿ ಬಂದವರಿಗೆ ಎಸೆಯುವುದುಂಟು. ಮೊನ್ನೆ ನಾವೂ ಎಸೆದಿದ್ದೇವೆ.
ಅದನ್ನೆಲ್ಲ ಯಾರು ಲೆಕ್ಕ ಇಡುತ್ತಾರೆ?"

ಲೆಕ್ಕ ಇಡುವವಳು ನಾನು.
ನನ್ನ ಹಾಳೆಯಲ್ಲಿ ಅದಕ್ಕೆ ಕಾಲಂ ಇಲ್ಲ.

ಗಂಟೆ ಏಳಾಗಿತ್ತು. ಹಲಗೆ ಎತ್ತಿಕೊಂಡು ಹೊರಟವಳು
ಫೆರಿಯ ಬೆಂಚಿನಲ್ಲಿ ಕೂತು ಪೆನ್ಸಿಲ್ಲು ಕೆತ್ತಿದೆ.
ಅಂಚಿನಲ್ಲಿ, ಕಚೇರಿಯ ಸೀಲು ಬೀಳದ ಜಾಗದಲ್ಲಿ,
ಸೊನ್ನೆಯ ಪಕ್ಕಕ್ಕೆ
ಸಣ್ಣಗೆ ಬರೆದೆ:
ಬಂಗುಡೆ ನಾಲ್ಕು, ಇದಿನಬ್ಬ.